ಓದಲು ಬಾರದವನ ಪ್ರಶ್ನೆ

ಸಣ್ಣಕತೆಯನ್ನು ಪಾಠ ಹೇಳುವುದು ಸುಲಭವೆಂಬ ನಂಬಿಕೆ ಕಾಲೇಜುಗಳಲ್ಲಿ ಹಿಂದಿನಿಂದಲೂ ಇದೆ. ಪಂಪನನ್ನು ಹೇಳಬೇಕಾದರೆ ಹಿಂದಿನ ರಾತ್ರಿ ನಿಘಂಟನ್ನು ತೆರೆಯಬೇಕು. ವಚನವನ್ನು ಹೇಳಬೇಕಾದರೆ ಒಂದಿಷ್ಟು ತತ್ತ್ವ ತಿಳಿದಿರಬೇಕು. ಕತೆಗೇನು, ಹುಡುಗರೇ ಓದಿಕೊಳ್ಳುತ್ತಾರೆ, ಕೊನೆಯಲ್ಲಿ ಸಾರಾಂಶ ಬರೆಸಿದರೆ ಮುಗಿಯಿತು ಎನ್ನುವವರು ನಮ್ಮಲ್ಲಿದ್ದಾರೆ. ಹಲವು ವರ್ಷ ನಾನೂ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯನ್ನು ಮುರಿದದ್ದು ‘ಆನಂದ’ರ ‘ನಾನು ಕೊಂದ ಹುಡುಗಿ’.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ಈಗ ದಾವಣಗೆರೆ ಜಿಲ್ಲೆಗೆ ಸೇರಿದ ಊರುಗಳು. 1997ರಲ್ಲಿ ಜಿಲ್ಲೆ ರೂಪುಗೊಳ್ಳುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಈಚೆಗಷ್ಟೇ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಒಂದಾದರೂ ನೆಲ ಒಂದಲ್ಲ. ಸೂಳೆಕೆರೆಯ ನೀರು, ಅಡಕೆ ತೋಟಗಳ ತಂಪು ಒಂದು ಕಡೆ. ಮಳೆಯನ್ನೇ ನಂಬಿದ ಜಗಳೂರಿನ ಶೇಂಗಾ, ಮೆಕ್ಕೆಜೋಳದ ಹೊಲಗಳು ಇನ್ನೊಂದು ಕಡೆ. (ಆ ಕೆರೆಯನ್ನು ಕಾಗದಪತ್ರಗಳಲ್ಲಿ ನಾವು ‘ಶಾಂತಿಸಾಗರ’ವೆಂದು ಬರೆಯುತ್ತೇವೆ, ರೈತನ ಬಾಯಲ್ಲಿ ಅದು ಇಂದಿಗೂ ಸೂಳೆಕೆರೆಯೇ. ಹೆಸರಿಗೆ ನಾಚುವವರು ಓದಿದವರು.)

ಈ ಸೀಮೆಯ ಒಂದು ಪದವಿ ತರಗತಿಯನ್ನು ಹೊಕ್ಕು ನೋಡಿ. ಮನೆಯಲ್ಲಿ ಕಾದಂಬರಿಗಳ ಸಾಲು ಇಟ್ಟುಕೊಂಡು ಬೆಳೆದ ಮೇಷ್ಟರ ಮಗಳು ಮುಂದಿನ ಬೆಂಚಿನಲ್ಲಿ. ಅವಳ ಹಿಂದೆ, ತಾಂಡಾದಿಂದ ಬಂದ ಹುಡುಗ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ, ಸುತ್ತಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಪಕ್ಕದಲ್ಲಿ ಉರ್ದು ಮನೆಮಾತಿನ ಹುಡುಗಿ. ಇನ್ನೊಂದು ಬಗೆಯವರು ಈಚೆಗೆ ಹೆಚ್ಚಾಗಿದ್ದಾರೆ: ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಕನ್ನಡವನ್ನು ನೀರು ಕುಡಿದಂತೆ ಮಾತಾಡಿ, ಅಚ್ಚಾದ ಕನ್ನಡದ ಮುಂದೆ ಒತ್ತಕ್ಷರ ಒತ್ತಕ್ಷರಕ್ಕೂ ಎಡವುವವರು. ಇವರೆಲ್ಲರ ಕೈಗೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ.

ಕತೆಯನ್ನು ಬಲ್ಲವರಿಗೆ ನೆನಪಿಸುವುದಕ್ಕಾಗಿ ಮಾತ್ರ ಹೇಳುತ್ತೇನೆ. ಊರೂರು ತಿರುಗುತ್ತ ಬಂದ ವಿದ್ಯಾವಂತನೊಬ್ಬ ಹಳ್ಳಿಯ ಸ್ಥಿತಿವಂತರ ಮನೆಯಲ್ಲಿ ಇಳಿದುಕೊಳ್ಳುತ್ತಾನೆ. ಆ ಮನೆಯ ಮಗಳನ್ನು ಹೆತ್ತವರು ಹರಕೆಗಾಗಿ ಬಸವಿ ಬಿಟ್ಟಿದ್ದಾರೆ. ರಾತ್ರಿ ಅವಳು ಅತಿಥಿಯ ಕೋಣೆಗೆ ಬರುತ್ತಾಳೆ. ಅವಳ ಪಾಲಿಗೆ ಅದು ದೇವರ ಕೆಲಸ. ಅತಿಥಿ ಸಜ್ಜನ. ಅವಳನ್ನು ಮುಟ್ಟುವುದಿಲ್ಲ; ಇದು ದೇವರಿಗೆ ಒಪ್ಪುವ ಮಾತಲ್ಲವೆಂದು ತಿಳಿಯಹೇಳುತ್ತಾನೆ. ಬೆಳಗಾಗುವುದರೊಳಗೆ ಅವಳು ಪ್ರಾಣ ಕಳೆದುಕೊಂಡಿರುತ್ತಾಳೆ. ‘ಆನಂದ’ ಎಂದರೆ ಅಜ್ಜಂಪುರ ಸೀತಾರಾಂ. ಅಜ್ಜಂಪುರ ನಮ್ಮ ಚನ್ನಗಿರಿಗೆ ದೂರದ ಊರಲ್ಲ. ಮಾಸ್ತಿಯವರು ತೆರೆದ ಹಾದಿಯಲ್ಲಿ ನಡೆದ ಈ ನವೋದಯದ ಕತೆಗಾರರ ನುಡಿ ಕಷ್ಟದ್ದಲ್ಲ. ಕಷ್ಟವಿರುವುದು ತಲೆಬರಹದ ಎರಡನೆಯ ಮಾತಿನಲ್ಲಿ.

ಮೊದಲ ಸಲ ಇದನ್ನು ಹೇಳಿದಾಗ ನಾನು ತರಗತಿಯನ್ನು ಮನಸ್ಸಿನಲ್ಲೇ ಇಬ್ಭಾಗ ಮಾಡಿಕೊಂಡಿದ್ದೆ. ಬಲ್ಲವರು ಕತೆ ಓದಿಕೊಂಡು ಬರಲಿ, ಬಾರದವರಿಗೆ ಸಾರಾಂಶ ಕೊಡೋಣವೆಂದು ಬಗೆದೆ. ಸಾರಾಂಶವನ್ನು ಉರು ಹೊಡೆದವರು ಪರೀಕ್ಷೆಯಲ್ಲಿ ‘ಆತ್ಮಹತ್ಯೆ ಮಹಾಪಾಪ’ವೆಂದು ಬರೆದರು. ಅವರನ್ನು ದೂರುವಂತಿಲ್ಲ, ಕತೆಯಿಂದ ಕತೆಯನ್ನು ತೆಗೆದು ಕೊಟ್ಟವನು ನಾನು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ನಡೆಯಿತು. ಯಾವ ಊರಿನಲ್ಲಿ ಎಂಬುದನ್ನು ಹೇಳುವುದು ಸರಿಯಲ್ಲ.

ಅಂದು ನಾನು ಅನಿಷ್ಟ ಪದ್ಧತಿಗಳ ಮೇಲೆ ಚೆನ್ನಾಗಿಯೇ ಮಾತಾಡಿದೆ. ಹಳೆಯ ಮೈಸೂರು ಸಂಸ್ಥಾನ, 1934ರ ಮುಂಬಯಿ ಪ್ರಾಂತದ ಕಾಯಿದೆ, 1947ರ ಮದರಾಸು ಕಾಯಿದೆ, ಕಡೆಗೆ 1982ರಲ್ಲಿ ನಮ್ಮ ರಾಜ್ಯ ತಂದ ನಿಷೇಧ, ಎಲ್ಲವನ್ನೂ ಹೇಳಿದೆ. ಕಾಯಿದೆ ಬಂದ ಮೇಲೂ ರಾಜ್ಯದ 14 ಜಿಲ್ಲೆಗಳಲ್ಲಿ ಎರಡು ಸಮೀಕ್ಷೆಗಳು, 1993–94ರಲ್ಲಿ ಒಂದು, 2007–08ರಲ್ಲಿ ಒಂದು, ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದವೆಂದೂ, ಆ ಜಿಲ್ಲೆಗಳಲ್ಲಿ ನಮ್ಮದೂ ಒಂದೆಂದೂ ಹೇಳಿದೆ. ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಮಾತಿನ ಹುರುಪಿನಲ್ಲಿ, ‘ನಿಮ್ಮ ಕಡೆ ಈ ಪದ್ಧತಿಯನ್ನು ಕಂಡವರಿದ್ದೀರಾ?’ ಎಂದು ಕೇಳಿಬಿಟ್ಟೆ. ಪ್ರಶ್ನೆ ಎಲ್ಲರಿಗೂ ಹಾಕಿದ್ದು. ಆದರೆ ಹಲವು ಕತ್ತುಗಳು ತಿರುಗಿದ್ದು ಒಂದೇ ಬೆಂಚಿನ ಕಡೆಗೆ. ಅಲ್ಲಿ ಕುಳಿತಿದ್ದ ಹುಡುಗಿ ಪುಸ್ತಕದ ಮೇಲೆ ಬಾಗಿದವಳು ಗಂಟೆ ಬಾರಿಸುವವರೆಗೆ ತಲೆ ಎತ್ತಲಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾಲ್ಕು ಗೈರುಹಾಜರಿಗಳು ಬಿದ್ದವು. ಬೇರೆ ಪಾಠ ಹೇಳಿದ್ದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊಲದಲ್ಲಿ ಕೆಲಸವಿರಬಹುದು, ಬಸ್ಸು ತಪ್ಪಿರಬಹುದು. ಆದರೆ ನಾನು ಹೇಳಿದ್ದು ಈ ಕತೆಯನ್ನು. ಒಳ್ಳೆಯ ಮಾತನ್ನು ಒಳ್ಳೆಯ ಮನಸ್ಸಿನಿಂದ ಆಡಿ, ಎದುರಿಗಿದ್ದವಳ ಮುಖವನ್ನು ನೋಡದೆ ಹೋದವನ ಕತೆಯನ್ನು. ಆ ನಾಲ್ಕು ರಾತ್ರಿ ನಾನು ನಿದ್ದೆ ಮಾಡಿದೆನೆಂದು ಹೇಳಲಾರೆ. ಐದನೆಯ ದಿನ ಅವಳು ಬಂದಳು. ‘ಜ್ವರ ಇತ್ತು ಸಾರ್’ ಎಂದಳು. ನಾನು ಹೆಚ್ಚು ಕೇಳಲಿಲ್ಲ. ಆ ವರ್ಷದ ಕೊನೆಯಲ್ಲಿ ಕಥಾಸಂಕಲನವನ್ನು ನನ್ನಿಂದ ಒಯ್ದಳು. ಪುಸ್ತಕ ಇನ್ನೂ ಹಿಂದಿರುಗಿಲ್ಲ. ನಾನೂ ಅದನ್ನು ಕೇಳಿಲ್ಲ.

ಅಲ್ಲಿಂದ ಮುಂದೆ, ಪಠ್ಯದಲ್ಲಿ ಇದ್ದಾಗಲೂ ಇಲ್ಲದಾಗಲೂ, ಈ ಕತೆಯನ್ನು ಬೇರೆ ರೀತಿಯಲ್ಲಿ ಹೇಳುತ್ತ ಬಂದಿದ್ದೇನೆ. ಎರಡು ಅವಧಿಗಳನ್ನು ಒಟ್ಟಿಗೆ ಪಡೆದು, ಪುಸ್ತಕಗಳನ್ನು ಮುಚ್ಚಿಸಿ, ನಾನೇ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ವ್ಯಾಖ್ಯಾನವಿಲ್ಲ, ಪದದ ಅರ್ಥವಿಲ್ಲ. ನಮ್ಮ ನಾಡಿನಲ್ಲಿ ಕಾವ್ಯ ಬಾಳಿದ್ದೇ ಗಮಕಿಯ ಕಂಠದಲ್ಲಿ. ಕುಮಾರವ್ಯಾಸನನ್ನು ಕೇಳಿ ಕಣ್ಣೀರು ಹಾಕಿದವರಲ್ಲಿ ಅಕ್ಷರ ಬಲ್ಲವರು ಎಷ್ಟು ಮಂದಿಯಿದ್ದರು? ಕಿವಿಗೆ ತರಗತಿಯ ಮೇಲುಕೀಳು ತಿಳಿಯದು. ನನಗೆ ಆಶ್ಚರ್ಯವಾದ ಸಂಗತಿ ಬೇರೆ. ‘ಬಸವಿ’ ಎಂಬ ಮಾತು ಬಂದಾಗ ತಲೆ ಎತ್ತಿ ‘ಹಾಗೆಂದರೇನು?’ ಎಂದು ಕಣ್ಣಲ್ಲೇ ಕೇಳುವವರು ಮುಂದಿನ ಬೆಂಚಿನವರು. ಹಿಂದಿನ ಬೆಂಚಿಗೆ ಅದರ ಅರ್ಥ ಬೇಕಾಗಿಲ್ಲ.

ಓದು ಮುಗಿದ ಮೇಲೆ ಕೊಡುವ ಕೆಲಸ ಎಲ್ಲರಿಗೂ ಒಂದೇ. ‘ತಲೆಬರಹದಲ್ಲಿ ನಿರೂಪಕ ತಾನೇ ಕೊಂದೆ ಎನ್ನುತ್ತಾನೆ. ಕೊಂದ ವಾಕ್ಯ ಯಾವುದು? ಹುಡುಕಿ ತನ್ನಿ.’ ಇದರಲ್ಲಿ ಒಂದು ಅನುಕೂಲವುಂಟು. ವೇಗವಾಗಿ ಓದಬಲ್ಲವಳು ಇಡೀ ಕತೆಯನ್ನು ಮತ್ತೆ ಜಾಲಾಡಿ, ಸಿಕ್ಕ ಮೂರು ವಾಕ್ಯಗಳಲ್ಲಿ ಯಾವುದೆಂದು ಗೊತ್ತಾಗದೆ ಪೇಚಾಡುತ್ತಾಳೆ. ಅಕ್ಷರ ಕೂಡಿಸಿ ಓದುವವನು ಒಂದೇ ಪುಟವನ್ನು ಹಿಡಿದು ಹತ್ತು ಸಲ ಓದುತ್ತಾನೆ, ತನ್ನ ವಾಕ್ಯವನ್ನು ಯಾರೂ ಕಸಿದುಕೊಳ್ಳಲಾರದಂತೆ ಹಿಡಿದು ತರುತ್ತಾನೆ. ಸುಲಭಗೊಳಿಸಿದ ಪಾಠವನ್ನು ಕೊಟ್ಟು ಹಿಂದುಳಿದವನನ್ನು ಅಲ್ಲೇ ಕೂರಿಸುವುದಕ್ಕಿಂತ, ಕಷ್ಟದ ಪಾಠದ ಒಂದು ಚೂರನ್ನು ಪೂರ್ತಿಯಾಗಿ ಅವನದನ್ನಾಗಿ ಮಾಡುವುದು ಮೇಲೆಂದು ನನಗೆ ತೋರುತ್ತದೆ. ಎಲ್ಲ ಕತೆಗೂ ಈ ಉಪಾಯ ಒಗ್ಗುವುದಿಲ್ಲ; ಮಾತಿಗಿಂತ ವಾತಾವರಣದಿಂದ ನಡೆಯುವ ಕತೆಗಳಲ್ಲಿ ಇದು ಸೋತದ್ದೂ ಉಂಟು.

ಒಮ್ಮೆ ವಾಕ್ಯಗಳನ್ನು ಹಲಗೆಯ ಮೇಲೆ ಬರೆಸುತ್ತಿದ್ದೆ. ಬಲ್ಲವರು ತಂದವೆಲ್ಲ ನಿರೂಪಕನ ಉಪದೇಶದಿಂದ ಆರಿಸಿದವು. ತನ್ನ ಸರದಿ ಬಂದಾಗ, ಜೋರಾಗಿ ಓದಲು ಎಂದೂ ಒಪ್ಪದಿದ್ದ ಹುಡುಗನೊಬ್ಬ ಎದ್ದು ನಿಂತ.

‘ನನಗೆ ವಾಕ್ಯ ಸಿಗಲಿಲ್ಲ ಸಾರ್.’

‘ಏಕೆ?’

‘ಅವನು ಹೇಳಿದ್ದರಾಗೆ ಅದು ಇಲ್ಲ ಅನಿಸ್ತದೆ. ಇಷ್ಟೆಲ್ಲಾ ಹೇಳಿದ. ಬೆಳಗಾದ ಮೇಲೆ ಆಕೆ ಎಲ್ಲಿಗೆ ಹೋಗಬೇಕು ಅಂತ ಒಂದು ಮಾತು ಕೇಳಿದ್ನಾ ಸಾರ್?’

ಇಷ್ಟು ವರ್ಷ ಈ ಕತೆಯನ್ನು ಹೇಳಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ, ‘ಕೇಳಿರಬೇಕು, ನೋಡೋಣ’ ಎಂದು ಪುಸ್ತಕ ತೆರೆದಳು. ಅವಳ ಮಾತನ್ನು ಸುಳ್ಳಾಗಿಸಲೆಂದೇ ಹಿಂದಿನ ಬೆಂಚಿನವರೂ ತೆರೆದರು. ಬೆರಳನ್ನು ಸಾಲಿನ ಕೆಳಗಿಟ್ಟುಕೊಂಡು, ತುಟಿ ಆಡಿಸುತ್ತ, ಆ ಹುಡುಗನೂ ಹುಡುಕತೊಡಗಿದ. ಗಂಟೆ ಬಾರಿಸಿದ್ದು ನಮಗೆ ತಿಳಿಯಲಿಲ್ಲ. ಮುಂದಿನ ಅವಧಿಯ ಇತಿಹಾಸದ ಅಧ್ಯಾಪಕರು ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಬೇಕಾಯಿತು.