ಪಾಯಿಂಟ್‌ ಕೊಟ್ಟು ಗೋವಾಕ್ಕೆ

ಪ್ರಶ್ನೆ: ಕ್ರೆಡಿಟ್ ಕಾರ್ಡಿನಲ್ಲಿ ಕೂಡಿಬಿದ್ದಿರುವ ಪಾಯಿಂಟ್‌ಗಳಲ್ಲಿ ಬೆಂಗಳೂರಿನಿಂದ ಗೋವಾಕ್ಕೆ ವಾರಾಂತ್ಯದಲ್ಲಿ ಪುಕ್ಕಟೆ ಹೋಗಿಬರಬಹುದೇ?

ಉತ್ತರ: ಅಗ್ಗವಾಗಿ ಹೋಗಬಹುದು, ಪೂರ್ತಿ ಪುಕ್ಕಟೆಯೇನಲ್ಲ. ಪಾಯಿಂಟ್‌ಗೆ ಟಿಕೆಟ್ ಸಿಕ್ಕರೂ ತೆರಿಗೆ, ನಿಲ್ದಾಣದ ಶುಲ್ಕಗಳನ್ನು ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಮೊದಲು ಲೆಕ್ಕ ಹಾಕಿ. ಟಿಕೆಟ್ 5,000 ರೂಪಾಯಿ, ಕೈಯಿಂದ ಕಟ್ಟುವುದು 1,000, ಕೇಳುವ ಪಾಯಿಂಟ್ 8,000 ಎಂದುಕೊಳ್ಳೋಣ. ಉಳಿಯುವ 4,000 ರೂಪಾಯಿಯನ್ನು 8,000ದಿಂದ ಭಾಗಿಸಿದರೆ ಪಾಯಿಂಟ್‌ಗೆ 50 ಪೈಸೆ ಬಿತ್ತು. ಅದೇ ಪಾಯಿಂಟ್‌ಗೆ ಮಿಕ್ಸಿಯನ್ನೋ ಸೂಟ್‌ಕೇಸನ್ನೋ ತರಿಸಿಕೊಂಡರೆ ಬಹುತೇಕ ಇಷ್ಟೂ ಗಿಟ್ಟುವುದಿಲ್ಲ.

ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಗಳ ಬಾಡಿಗೆ ಇಳಿದಿರುತ್ತದೆ. ಆದರೆ ಕಡಲತೀರದ ಶ್ಯಾಕ್‌ಗಳು, ಅಂದರೆ ಗುಡಿಸಲು ಹೋಟೆಲುಗಳು, ಮುಚ್ಚಿರುತ್ತವೆ, ನೀರಿಗಿಳಿಯುವುದು ಅಪಾಯ. ಮಳೆ ನೋಡುತ್ತ ಕೂರಬಲ್ಲವರಿಗೆ ಮಾತ್ರ ಅದು ಸುಗ್ಗಿಕಾಲ.

ಇಳಿಯುವ ನಿಲ್ದಾಣವನ್ನೂ ಗಮನಿಸಿ. 2023ರಲ್ಲಿ ವಿಮಾನ ಸಂಚಾರ ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ. ದಕ್ಷಿಣದ ಪಾಲೊಲೆಮ್‌ಗೆ ಹೋಗುವವರು ಅಲ್ಲಿ ಇಳಿದರೆ ಉಳಿಸಿದ್ದೆಲ್ಲ ಟ್ಯಾಕ್ಸಿ ಪಾಲು. ಅವರಿಗೆ ಗೋವಾದ ಇನ್ನೊಂದು ನಿಲ್ದಾಣ ದಾಬೋಲಿಮ್ ಹತ್ತಿರ.

ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೀರಾ? ತಿಂಗಳಿಗೆ ಶೇ 3ರ ಆಸುಪಾಸಿನ ಬಡ್ಡಿ ಪಾಯಿಂಟ್‌ನ ಲಾಭವನ್ನೆಲ್ಲ ನುಂಗಿಹಾಕುತ್ತದೆ. ಹಾಗಿದ್ದರೆ ಮೊದಲು ಸಾಲ ತೀರಿಸಿ. ಗೋವಾಕ್ಕೆ ರೈಲೂ ಇದೆ.