ಅಣಕಕ್ಕೆ ಕುಗ್ಗದ ಮಗು

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಶಾಲೆಯ ಅಂಗಳಕ್ಕೂ ಸಲ್ಲುತ್ತದೆ. ಅಡ್ಡಹೆಸರಿಟ್ಟು ಕೂಗುವುದು, ಬುತ್ತಿ ಕಸಿಯುವುದು, ಆಟಕ್ಕೆ ಸೇರಿಸದಿರುವುದು ಇವನ್ನೆಲ್ಲ ಹಿರಿಯರು ಹುಡುಗಾಟವೆಂದು ತಳ್ಳಿಹಾಕುವುದುಂಟು. ದಿನವೂ ಅದನ್ನು ಉಣ್ಣುವ ಮಗುವಿಗೆ ಅದು ಆಟವಲ್ಲ.

ನಾವು ಅಧ್ಯಾಪಕರಾಗಿದ್ದಾಗ, ಮಾತಿನಲ್ಲಿ ಉಗ್ಗುತ್ತಿದ್ದ ಬಾಲಕನೊಬ್ಬನು ಸಹಪಾಠಿಗಳ ಅಣಕವನ್ನು ತಾಳಲಾರದೆ ನಮ್ಮಲ್ಲಿಗೆ ಬಂದನು. ‘ಸಹಿಸಿಕೊಳ್ಳಪ್ಪಾ, ಎಲ್ಲವೂ ಸರಿಹೋಗುತ್ತದೆ’ ಎಂದು ಹೇಳಿ ಕಳುಹಿಸಿದೆವು. ಸಹನೆಯನ್ನು ಬೋಧಿಸಿದೆವೆಂಬ ಸಮಾಧಾನ ನಮ್ಮದಾಯಿತು. ಬಾಲಕನು ಮರುವಾರದಿಂದ ಶಾಲೆಗೆ ಬರಲಿಲ್ಲ.

ಸಹಿಸೆಂದು ಹೇಳುವುದು ಆಶಾಭಾವವನ್ನು ಬೆಳೆಸುವುದಲ್ಲವೆಂದು ನಮಗೆ ತಿಳಿದುದು ತಡವಾಗಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅವರು 1995ರಲ್ಲಿ ಪ್ರಕಟಿಸಿದ ‘ದಿ ಆಪ್ಟಿಮಿಸ್ಟಿಕ್ ಚೈಲ್ಡ್’ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾರೆ. ಎದೆಗುಂದಿದ ಮಗುವಿನ ಮನಸ್ಸಿನಲ್ಲಿ ಮೂರು ಗಂಟುಗಳಿರುತ್ತವೆ: ಇದು ಎಂದೆಂದಿಗೂ ಹೀಗೆಯೇ, ಎಲ್ಲೆಲ್ಲಿಯೂ ಹೀಗೆಯೇ, ಇದಕ್ಕೆ ನಾನೇ ಕಾರಣ. ಈ ಗಂಟುಗಳನ್ನು ಮೆಲ್ಲನೆ ಬಿಡಿಸುವುದೇ ಹಿರಿಯರ ಕೆಲಸ. ‘ನಿನ್ನನ್ನು ಅಣಕಿಸುವವರು ಎಷ್ಟು ಮಂದಿ? ನಿನ್ನೊಡನೆ ಕುಳಿತು ಬುತ್ತಿ ಬಿಚ್ಚುವವರು ಯಾರು?’ ಎಂದು ಕೇಳಬೇಕು. ‘ಉಗ್ಗುವುದು ನಿನ್ನ ತಪ್ಪಲ್ಲ, ಅಣಕಿಸುವುದು ಅವರ ತಪ್ಪು’ ಎಂದು ಸ್ಪಷ್ಟವಾಗಿ ನುಡಿಯಬೇಕು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳ ಬಾಳನ್ನು ಎಮ್ಮಿ ವರ್ನರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಅವರು ನೋಡಿದ್ದು ಶಾಲೆಯ ಕಿರುಕುಳವನ್ನಲ್ಲ; ಬಡತನ, ಮನೆಯ ಕಲಹ ಮೊದಲಾದ ಸಂಕಟಗಳನ್ನು. ಅಂತಹ ಹಲವು ಸಂಕಟಗಳು ಒಟ್ಟಾಗಿ ಎರಗಿದ ಮಕ್ಕಳಲ್ಲಿಯೂ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಆತ್ಮವಿಶ್ವಾಸವುಳ್ಳ ಸಮರ್ಥರಾಗಿ ಬೆಳೆದರು. ಅವರಿಗೆ ಆಸರೆಯಾದವುಗಳಲ್ಲಿ ಮುಖ್ಯವಾದುದು ಒಬ್ಬ ಹಿರಿಯರ ಅಕ್ಕರೆ. ಆ ಹಿರಿಯರು ಅಜ್ಜಿಯಾಗಿರಬಹುದು, ಗುರುವಾಗಿರಬಹುದು, ನೆರೆಯವರಾಗಿರಬಹುದು.

ಆದರೆ ಮಗುವನ್ನು ಗಟ್ಟಿಗೊಳಿಸಿ ಒಂಟಿಯಾಗಿ ಕಾದಾಟಕ್ಕೆ ಬಿಡುವುದು ಸಲ್ಲದು. ತಾಯ್ತಂದೆಯರು ಪೂರ್ತಿ ಕೇಳಿಸಿಕೊಳ್ಳಲಿ. ನಡೆದುದನ್ನು ದಿನಾಂಕಸಹಿತ ಬರೆದಿಟ್ಟು ಮುಖ್ಯೋಪಾಧ್ಯಾಯರನ್ನು ಕಾಣಲಿ. ಅಣಕಿಸುವ ಮಗುವನ್ನೂ ಕರೆದು ತಿದ್ದುವುದು ಶಾಲೆಯ ಹೊಣೆ. ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಅಂದು ಆ ಬಾಲಕನು ನಮ್ಮಿಂದ ಬಯಸಿದ್ದು ಉಪದೇಶವನ್ನಲ್ಲ. ‘ನಡೆ, ನಾನೂ ಬರುತ್ತೇನೆ’ ಎಂಬ ಒಂದು ಮಾತನ್ನು. ಇಂದು ನಿಮ್ಮ ಮನೆಯ ಮಗು ಅಳುಕುತ್ತ ಬಾಗಿಲಲ್ಲಿ ನಿಂತಿದ್ದರೆ, ಆ ಮಾತನ್ನು ತಡಮಾಡದೆ ನುಡಿಯಿರಿ.