ಸಂತೆಯ ಚಾಕು ಸಾಕು

ತೆರಕಣಾಂಬಿಯಾಗಲಿ, ಸಂತೇಮರಹಳ್ಳಿಯಾಗಲಿ, ಈ ಕಡೆಯ ಯಾವ ಸಂತೆಗೆ ಹೋದರೂ ಹಗ್ಗ, ಮೂಗುದಾರ, ಗೆಜ್ಜೆ ಮಾರುವವರ ಆಸುಪಾಸಿನಲ್ಲಿ ಕಬ್ಬಿಣದ ಸಾಮಾನಿನವರು ಕೂತಿರುತ್ತಾರೆ. ಗೋಣಿಚೀಲದ ಮೇಲೆ ಕುಡ್ಲು, ಮಚ್ಚು, ಈಳಿಗೆಮಣೆ. ಒಂದು ಮೂಲೆಯಲ್ಲಿ ಸಣ್ಣ ಚಾಕುಗಳ ಗುಡ್ಡೆ. ಮರದ ಹಿಡಿಯವು, ಪ್ಲಾಸ್ಟಿಕ್ ಹಿಡಿಯವು, ಮೀನಿನಾಕಾರದ ಹಿತ್ತಾಳೆ ಹಿಡಿಯೊಳಗೆ ಮಡಚಿಕೊಳ್ಳುವಂಥವು. ನೂರಿನ್ನೂರು ರೂಪಾಯಿಯೊಳಗಿನ ವ್ಯಾಪಾರ, ಅದರಲ್ಲೂ ಚೌಕಾಸಿ. ಬಲ್ಲವರು ಅಲಗು ಬಿಚ್ಚಿ, ಅದರ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಇಟ್ಟು ನೋಡುತ್ತಾರೆ. ಜಾರಿದರೆ ಗುಡ್ಡೆಗೆ ವಾಪಸ್, ಕಚ್ಚಿ ನಿಂತರೆ ಜೇಬಿಗೆ.

ಚಿನ್ನದ ಚೂರಿ ಎಂದು ಯಾರೂ ಹೊಟ್ಟೆಗೆ ಚುಚ್ಚಿಕೊಳ್ಳುವುದಿಲ್ಲ ಎಂಬ ಗಾದೆಯಿದೆ. ಚಾಮರಾಜನಗರ, ಗುಂಡ್ಲುಪೇಟೆಯ ರೈತಾಪಿ ಜನಕ್ಕೆ ಚೂರಿ ಚಿನ್ನದ್ದಾಗಬೇಕಾದ ಪ್ರಮೇಯವೇ ಬಂದಿಲ್ಲ. ಚಾಕು ಸಂಗ್ರಹ ಎಂಬ ಹವ್ಯಾಸವೂ ಇಲ್ಲಿನವರಿಗೆ ಗೊತ್ತಿಲ್ಲ. ಆದರೆ ಹಳೆಯ ಹಟ್ಟಿಯ ಸೂರಿನಡಿ ಕೈಯಾಡಿಸಿದರೆ ನಾಲ್ಕಾರು ಅಲಗು ಸಿಗುತ್ತವೆ. ಅವು ಆಸೆಪಟ್ಟು ಕೂಡಿಟ್ಟವಲ್ಲ, ಕೆಲಸಕ್ಕೊಂದರಂತೆ ಬಂದು ಸೇರಿಕೊಂಡವು. ಅಗ್ಗದ ಚಾಕುಗಳ ಬೆನ್ನು ಹತ್ತುವವರು ಹಿಡಿಯಬೇಕಾದ ಸೂತ್ರವೂ ಇದೇ. ಚಾಕುವಿನ ಬೆಲೆ ಹಿಡಿಯ ಅಂದದಲ್ಲಿಲ್ಲ, ಬಾಯಿಯ ಹರಿತದಲ್ಲಿದೆ. ಬಾಯಿ ಹರಿತವಾಗಿ ಉಳಿಯುವುದು ಬಳಸುವವರ ಕೈಯಲ್ಲಿ ಮಾತ್ರ.

ಕೆಲಸಕ್ಕೊಂದು ಅಲಗು

ಗುಂಡ್ಲುಪೇಟೆ ಸುತ್ತಿನ ಬೆಳೆಗಳನ್ನೇ ನೋಡಿ. ಬಾಳೆಗೊನೆ ಕಡಿಯಲು ಮಚ್ಚು ಬೇಕು. ಗೊನೆಯ ದಿಂಡಿನಿಂದ ಚಿಪ್ಪು ಬಿಡಿಸಲು ಗೇಣುದ್ದದ ಚಾಕು ಸಾಕು. ಅರಿಶಿನ ಅಗೆಯುವ ಮೊದಲು ಒಣಗಿದ ಎಲೆ ಕೊಯ್ಯಲು ಕುಡ್ಲು. ರೇಷ್ಮೆ ಸಾಕುವ ಮನೆಯಲ್ಲಿ ಚಾಕಿ ಎನ್ನುವ ಎಳೆ ಹುಳುವಿಗೆ ಹಿಪ್ಪುನೇರಳೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅದಕ್ಕೆ ತೆಳು ಬಾಯಿಯ ಅಗಲ ಚಾಕು. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವ ಮೇದರ ಕತ್ತಿ ದಪ್ಪ ಬೆನ್ನಿನದು. ಸೀಳಿದ ಮೇಲೆ ದಬ್ಬೆಯನ್ನು ಹೆರೆದು ನಯ ಮಾಡುವುದೂ ಅದೇ ಕತ್ತಿ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತಾಗಲೂ ಮುಖ್ಯ ಆಯುಧ ಕೈಚಾಕುವೇ ಆಯಿತು. ಕಾಡನ್ನೆಲ್ಲ ಆವರಿಸಿರುವ ಈ ಪರದೇಶಿ ಪೊದೆಯ ಕಡ್ಡಿಗಳನ್ನು ಕುದಿಸಿ, ಬಿಸಿಯಿರುವಾಗಲೇ ಸಿಪ್ಪೆ ಕೆರೆದು ತೆಗೆಯಬೇಕು. ಮೊಂಡು ಚಾಕುವಾದರೆ ಸಿಪ್ಪೆಯ ಜೊತೆ ನಾರೂ ಕಿತ್ತು ಬರುತ್ತದೆ.

ಜೇಬಿನ ಚಾಕುವಿಗಿಂತ ಹಳೆಯದು ಎಲೆಅಡಿಕೆ ಚೀಲದ ಸಂಸಾರ. ಎಲೆಗೊಂದು, ಅಡಿಕೆಗೊಂದು, ಹೊಗೆಸೊಪ್ಪಿಗೊಂದು ಎಂದು ಖಾನೆಗಳಿರುವ ಆ ಚೀಲದಲ್ಲಿ ಸುಣ್ಣದ ಕಾಯಿಯ ಪಕ್ಕದಲ್ಲೇ ಅಡಕೊತ್ತು ಇರುತ್ತದೆ. ಮೇಲಿನ ತೋಳಿಗೆ ಅಲಗು, ಕೆಳಗಿನದಕ್ಕೆ ಅಡಿಕೆ ಕೂರುವ ಹಳ್ಳ, ಕೀಲು ಒಂದೇ. ಎರಡು ಬೆರಳಿನಲ್ಲಿ ಅಡಿಕೆ ಹಿಡಿದು ಮಾತಾಡುತ್ತಲೇ ಕತ್ತರಿಸುವ ಅಜ್ಜಿಯರ ಅಡಕೊತ್ತಿನ ಕೀಲು ಸವೆದು ನುಣುಪಾಗಿರುತ್ತದೆಯೇ ಹೊರತು ಸಡಿಲವಾಗಿರುವುದಿಲ್ಲ. ಹಳೆ ಪಾತ್ರೆ ಅಂಗಡಿಗಳಲ್ಲಿ ತೂಕಕ್ಕೆ ಹೋಗುವ ಇವನ್ನು ಉಳಿಸಿಕೊಳ್ಳುವುದೇ ಒಂದು ಒಳ್ಳೆಯ ಸಂಗ್ರಹ.

ಶುಭಕಾರ್ಯಕ್ಕೂ ಚಾಕು ಬೇಕು. ಹಳೆ ಮೈಸೂರು ಕಡೆಯ ಮದುವೆಗಳಲ್ಲಿ ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿಯನ್ನು ಮದುವಣಿಗ ಕೈಬಿಡದೆ ಹಿಡಿದಿರುತ್ತಾನೆ. ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣದ ತುಂಡಿಡುವುದು, ಚಾಕುವನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ಎತ್ತಿಕೊಳ್ಳುವುದು ಇನ್ನೂ ಇದೆ. ಕೊನೆಯದು ನಂಬಿಕೆಯಷ್ಟೇ ಅಲ್ಲ, ಬೆರಳು ಉಳಿಸುವ ಜಾಣತನವೂ ಹೌದು. ಆಯುಧಪೂಜೆಯ ದಿನ ಇವಕ್ಕೆಲ್ಲ ವಿಭೂತಿ, ಕುಂಕುಮ, ಒಂದು ದಿನದ ರಜೆ.

ಕಬ್ಬಿಣ ಬೇಡಿದ ದೇವರು

ಚಾಮರಾಜನಗರ ಜಿಲ್ಲೆಯ ದೊಡ್ಡ ಜನಪದ ಕಾವ್ಯವೊಂದರಲ್ಲಿ ಕಬ್ಬಿಣಕ್ಕೇ ಒಂದು ಅಧ್ಯಾಯವಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಮೂಲತಃ ನಿಡುಘಟ್ಟದ ಆಚಾರಿ ಮನೆತನದ ಹುಡುಗ ಕೆಂಪಾಚಾರಿ. ಗುರು ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಪಡೆದು, ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಪಾಂಚಾಳರು ಸುಲಭಕ್ಕೆ ಕೊಡುವುದಿಲ್ಲ, ಕೊಡುವ ಮೊದಲು ಪವಾಡದ ಮೇಲೆ ಪವಾಡ ಕೇಳುತ್ತಾರೆ. ಆ ಸಿದ್ದಪ್ಪಾಜಿ ನೆಲೆಸಿದ ಚಿಕ್ಕಲ್ಲೂರಿನಲ್ಲಿ ಪ್ರತಿ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲವೆಂಬ ಆಚರಣೆಯೊಂದಿಗೆ ಜಾತ್ರೆ ಶುರುವಾಗುತ್ತದೆ. ಕಬ್ಬಿಣ ಬಲ್ಲವರ ಬಿಗುಮಾನವೂ, ಅದಿಲ್ಲದೆ ಬದುಕು ಸಾಗದವರ ಹಟವೂ ಕತೆಯಲ್ಲಿ ಎದುರುಬದುರಾಗಿವೆ. ಕಬ್ಬಿಣದ ಕಸುಬು ಬರೀ ಕತೆಯಲ್ಲ: ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಪ್ರವಾಸಿ ಫ್ರಾನ್ಸಿಸ್ ಬುಕಾನನ್ 1800–01ರ ಪ್ರವಾಸದಲ್ಲಿ ವಿವರವಾಗಿ ಬರೆದುಕೊಂಡಿದ್ದಾನೆ.

ಇಂದಿನ ಕುಲುಮೆಗೆ ಮೂಸೆ ಬೇಡ, ಗುಜರಿ ಸಾಕು. ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಕಚ್ಚಾಮಾಲು. ಅದರಲ್ಲಿ ಸುಮಾರು ಶೇ 0.6ರಷ್ಟು ಇಂಗಾಲವಿರುವುದರಿಂದ ಹದ ಚೆನ್ನಾಗಿ ಹಿಡಿಯುತ್ತದೆ. ತಿದಿಯ ಜಾಗಕ್ಕೆ ಕರೆಂಟಿನ ಗಾಳಿಯಂತ್ರ ಬಂದಿದೆ, ಮಿಕ್ಕಿದ್ದು ಹಳೆಯದೇ. ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಡಿದು ಆಕಾರಕ್ಕೆ ತಂದ ಮೇಲೆ, ಮತ್ತೆ ಕಾಯಿಸಿ ಬಾಯಿಯ ಭಾಗವನ್ನಷ್ಟೇ ನೀರಿಗೆ ಅದ್ದುತ್ತಾರೆ. ಚುಂಯ್ ಎಂದ ಕೂಡಲೇ ಹೊರಗೆ ತೆಗೆದು, ಕಲ್ಲಿನಿಂದ ಒಂದೆಡೆ ಉಜ್ಜಿ ಬೆಳ್ಳಗೆ ಮಾಡಿ ಕಾಯುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಹರಿದು ಬರುವಾಗ ಉಕ್ಕಿನ ಬಣ್ಣ ಬದಲಾಗುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೀಲಿ. ಹುಲ್ಲಿನ ಬಣ್ಣ ಬಾಯಿ ಮುಟ್ಟಿದ ಗಳಿಗೆಗೇ ಪೂರ್ತಿ ಮುಳುಗಿಸಿದರೆ ಹರಿತ ನಿಲ್ಲುವ ಚಾಕು. ನೀಲಿಯಾಗಲು ಬಿಟ್ಟರೆ ಬಾಯಿ ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಬಣ್ಣಕ್ಕೆ ಕಾಯದೆ ಮುಳುಗಿಸಿದರೆ ಗಾಜಿನಂತೆ ಚಕ್ಕೆ ಏಳುತ್ತದೆ. ಇಷ್ಟೂ ನಿರ್ಧಾರ ಆಗುವುದು ಕೆಲವೇ ಕ್ಷಣಗಳಲ್ಲಿ, ಬರಿಗಣ್ಣಿನಲ್ಲಿ.

ದೂರದ ನೆಂಟರು

ಜಗತ್ತಿನ ಹೆಸರಾಂತ ಅಗ್ಗದ ಚಾಕುಗಳೂ ಸಾಮಾನ್ಯರ ಜೇಬಿನವೇ. ಫ್ರಾನ್ಸಿನ ಬೆಟ್ಟಸೀಮೆಯ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮಡಚುಚಾಕು ಒಂದು ಮರದ ತುಂಡು, ಒಂದು ಅಲಗು, ಒಂದು ಕೀಲಿನ ಸರಳ ವಸ್ತು. ತೆರೆದ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುಂಗುರ ಸೇರಿದ್ದು 1955ರಲ್ಲಿ. ಅದೇ ದೇಶದ ಥಿಯೆರ್ ಪಟ್ಟಣದಲ್ಲಿ 1929ರಲ್ಲಿ ಹುಟ್ಟಿದ ಡೂಕ್‌ಡೂಕ್‌ನ ಹಿಡಿ ಬರೀ ಮಡಚಿದ ತಗಡು. ಜರ್ಮನಿಯಲ್ಲಿ 1902ರಲ್ಲಿ ಶುರುವಾದ ಒಕಾಪಿ ಆಫ್ರಿಕಾದ ಕೂಲಿಕಾರರ ಚಾಕುವಾಯಿತು.

ಜಪಾನಿನ ಮಿಕಿ ಊರಿನ ಹಿಗೊನೊಕಾಮಿಯ ಕತೆ ನಮಗೆ ಹತ್ತಿರದ್ದು. ಶಾಲೆಯ ಮಕ್ಕಳು ಪೆನ್ಸಿಲ್ ಹೆರೆಯಲು ಒಯ್ಯುತ್ತಿದ್ದ ಚಾಕು ಅದು. 1960ರಲ್ಲಿ ಅಲ್ಲಿನ ರಾಜಕೀಯ ನಾಯಕ ಅಸಾನುಮಾ ಅವರ ಹತ್ಯೆ ವೇದಿಕೆಯ ಮೇಲೇ ನಡೆದಾಗ ಆಯುಧ ಹಿಗೊನೊಕಾಮಿ ಆಗಿರಲಿಲ್ಲ, ಒಂದು ಕಿರುಗತ್ತಿ. ಆದರೂ ಆಮೇಲೆ ಎದ್ದ ಚಾಕು ವಿರೋಧಿ ಅಲೆಯಲ್ಲಿ ನೆಲಕಚ್ಚಿದ್ದು ಮಕ್ಕಳ ಚಾಕು ಮಾಡುವ ಕಮ್ಮಾರರೇ. ನಮ್ಮಲ್ಲಿ ಉತ್ತರ ಪ್ರದೇಶದ ರಾಂಪುರಿಯನ್ನು ಸಿನಿಮಾ ಖಳನಾಯಕರು ಕೆಡಿಸಿದ್ದೂ ಇದೇ ಬಗೆಯಲ್ಲಿ.

ಕೊಳ್ಳುವಾಗ, ಬಳಸುವಾಗ

ಕಾನೂನಿನ ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಸ್ತ್ರಾಸ್ತ್ರ ನಿಯಮಗಳ ಆಯುಧಪಟ್ಟಿಗೆ ಸೇರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳು. ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದೇ ಮಾಡಿದವಕ್ಕೆ ವಿನಾಯಿತಿಯಿದೆ. ಸಂತೆಯ ಮಡಚುಚಾಕು ಈ ಅಳತೆಯ ಅರ್ಧಕ್ಕೂ ಬರುವುದಿಲ್ಲ. ಹಾಗೆಂದು ಸಭೆ, ಮೆರವಣಿಗೆಗೆ ಒಯ್ಯುವುದು ಸಲ್ಲ; ವಿಮಾನದ ಕೈಚೀಲದಲ್ಲಂತೂ ಇಡಲೇಬಾರದು.

ಕೊಳ್ಳುವಾಗ ಅಲಗು ಬಿಚ್ಚಿ ಅತ್ತಿತ್ತ ಅಲುಗಿಸಿ ನೋಡಿ. ಕೀಲು ಕೊಂಚ ಸಡಿಲವಿದ್ದರೆ ಸುತ್ತಿಗೆಯ ಎರಡು ಮೆಲುಪೆಟ್ಟಿಗೆ ಸರಿಹೋಗುತ್ತದೆ. ಮಡಚಿದಾಗ ಬಾಯಿ ಹಿಡಿಗೆ ತಾಗುತ್ತಿದ್ದರೆ ಬಿಟ್ಟುಬಿಡಿ. ಫಳಫಳ ಹೊಳೆಯುವುದೇ ಮೇಲೆಂದೂ ತಿಳಿಯಬೇಡಿ. ತುಕ್ಕು ಹಿಡಿಯುವ ಉಕ್ಕಿಗೆ ಮಸೆಗಲ್ಲು ಬೇಗ ಒಲಿಯುತ್ತದೆ. ಬಾಳೆಯ ಕರೆ, ಅಡಿಕೆಯ ಒಗರು ತಾಗಿ ಅದು ಕಪ್ಪಾಗುವುದು ರೋಗವಲ್ಲ. ಆ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಕೀಲಿಗೊಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕು.

ಮಸೆಯುವುದು ಬ್ರಹ್ಮವಿದ್ಯೆಯಲ್ಲ. ಕಲ್ಲನ್ನು ನೀರಿನಲ್ಲಿ ನೆನೆಸಿ, ಎರಡು ಮೂರು ರೂಪಾಯಿ ನಾಣ್ಯ ಪೇರಿಸಿದಷ್ಟು ಚಾಕುವಿನ ಬೆನ್ನು ಎತ್ತಿ, ಆ ಓರೆ ಕೆಡದಂತೆ ಒಂದೇ ಸಮ ಉಜ್ಜಬೇಕು. ಇನ್ನೊಂದು ಮಗ್ಗುಲಲ್ಲಿ ಬೆರಳಿಗೆ ಸಣ್ಣ ಗರಗರ ತಾಗಿದಾಗ ಹೊರಳಿಸಬೇಕು. ಕಲ್ಲಿಲ್ಲದಿದ್ದರೆ ಪಿಂಗಾಣಿ ಲೋಟದ ತಳದ ಒರಟು ಅಂಚೂ ತಕ್ಕಮಟ್ಟಿಗೆ ಕೆಲಸ ಕೊಡುತ್ತದೆ.

ಹೊಸಬರು ಮೂರರಿಂದ ಆರಂಭಿಸಬಹುದು: ಜೇಬಿಗೊಂದು ಮಡಚುಚಾಕು, ಒಂದು ಹಳೆ ಅಡಕೊತ್ತು, ಕುಲುಮೆಯಲ್ಲಿ ನಿಮ್ಮ ಅಂಗೈ ಅಳತೆಗೆ ಮಾಡಿಸಿದ ಒಂದು ಕೈಚಾಕು. ಮೂರನೆಯದಕ್ಕೆ ಮಾತ್ರ ಚೌಕಾಸಿ ಬೇಡ. ಅಚ್ಚೊತ್ತಿದ ಅಗ್ಗದ ಅಲಗುಗಳು ಬಂದಮೇಲೆ ಕುಲುಮೆಯವರಿಗೆ ಹೊಸ ಕೆಲಸ ಕಡಿಮೆಯಾಗಿದೆ; ಅವರ ಒಲೆ ಉರಿಯುತ್ತಿರುವುದೇ ತಟ್ಟಿ, ಹದ ಹಾಕಿ ಕೊಡುವ ದುರಸ್ತಿಯಿಂದ. ಆದ್ದರಿಂದ ನಾಲ್ಕನೆಯದನ್ನು ಕೊಳ್ಳುವ ಮುಂಚೆ, ಅಡಿಗೆಮನೆಯಲ್ಲಿ ಮೊಂಡಾಗಿ ಬಿದ್ದಿರುವ ಈಳಿಗೆಯನ್ನೋ ಕುಡ್ಲನ್ನೋ ಅಲ್ಲಿಗೆ ಒಯ್ದು ತಟ್ಟಿಸಿಕೊಂಡು ಬನ್ನಿ.